ನೇತ್ರಾವತಿಯ ತವರು

ಮಂಗಳೂರು ನಗರದ ದಕ್ಷಿಣ ಭಾಗದಲ್ಲಿ ಬೋಳಾರವೆಂಬ ಹಳೆಯ ವಸತಿಯೊಂದಿದೆ. ನಗರಕ್ಕೆ ತನ್ನ ಹೆಸರನ್ನಿತ್ತಳೆಂದು ಜನರು ನಂಬಿರುವ ಮಂಗಳಾದೇವಿಯ ದೇವಾಲಯವಿರುವುದು ಇಲ್ಲಿಯೇ. ದೇವಾಲಯದಿಂದ ತುಸು ದೂರ ನಡೆದರೆ ನದಿಯ ದಡ ಸಿಗುತ್ತದೆ. ನೇತ್ರಾವತಿಯೂ ಗುರುಪುರ ನದಿಯೂ ಕಡಲನ್ನು ಕೂಡುವ ಅಳಿವೆ ಅಲ್ಲಿಂದ ದೂರವಿಲ್ಲ. ತೆಂಗಿನ ಮರಗಳ ಸಾಲು, ದಡಕ್ಕೆ ಕಟ್ಟಿದ ದೋಣಿಗಳು, ಉಪ್ಪು ಬೆರೆತ ಗಾಳಿ, ಇವುಗಳ ನಡುವೆ ನಿಂತು ನೋಡಿದರೆ ಹೊಳೆಯ ನೀರು ನಿಧಾನವಾಗಿ ಪಡುವಣಕ್ಕೆ ಸರಿಯುತ್ತಿರುವುದು ಕಾಣುತ್ತದೆ.

ಈ ದಡಕ್ಕೆ ಒಂದು ಚರಿತ್ರೆಯಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಸಮೀಪದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯೊಂದನ್ನು ಆರಂಭಿಸಿದರು. ಅನಂತರ ಬೋಳಾರ, ಹೊಯ್ಗೆ ಬಜಾರು ಮುಂತಾದ ಕಡೆಗಳಲ್ಲಿಯೂ ಅಂತಹ ಕಾರ್ಖಾನೆಗಳು ತಲೆಯೆತ್ತಿದವು. ಮಂಗಳೂರು ಹಂಚು ಎಂಬ ಹೆಸರು ಕಡಲಾಚೆಯ ನಾಡುಗಳಲ್ಲಿಯೂ ಪ್ರಸಿದ್ಧವಾಯಿತು. ಹಂಚಿಗೆ ಬೇಕಾದ ಜೇಡಿಮಣ್ಣನ್ನು ತಂದು ದಡದಲ್ಲಿ ಹಾಸಿದ್ದು ನದಿ. ಗೂಡುಗಳನ್ನು ಉರಿಸುವ ಸೌದೆಯನ್ನು ಕೊಟ್ಟದ್ದು ಕಾಡು. ಸುಟ್ಟ ಹಂಚು ಕೆಂಪಾಗುವುದು ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ. ಹೀಗೆ ಬೋಳಾರದ ಒಂದು ಹಂಚನ್ನು ಕೈಯಲ್ಲಿ ಹಿಡಿದರೆ ನದಿ, ಕಾಡು, ಕಬ್ಬಿಣ ಈ ಮೂರರ ಕಥೆಯೂ ಅದರಲ್ಲಿ ಅಡಗಿರುತ್ತದೆ. ಆ ಕಥೆಯ ಮೂಲವನ್ನು ಅರಸಬೇಕಾದರೆ ನಾವು ನದಿಯ ಹರಿವಿಗೆ ಎದುರಾಗಿ, ಮೂಡಣ ದಿಕ್ಕಿಗೆ ಪ್ರಯಾಣ ಮಾಡಬೇಕು.

ಬಂಟ್ವಾಳವನ್ನೂ, ಕುಮಾರಧಾರೆಯು ಬಂದು ಸೇರುವ ಉಪ್ಪಿನಂಗಡಿಯನ್ನೂ, ಧರ್ಮಸ್ಥಳವನ್ನೂ ದಾಟಿ ಮೇಲಕ್ಕೆ ಹೋದಂತೆ ಪಶ್ಚಿಮ ಘಟ್ಟಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಆ ಸಾಲಿನಲ್ಲಿ ಒಂದು ಶಿಖರವು ಕುದುರೆಯ ಮುಖವನ್ನು ಹೋಲುತ್ತದೆ. ಅದೇ ಕುದುರೆಮುಖ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 1,890 ಮೀಟರ್. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಈ ಗೋಡೆಗೆ ತಡೆದು ಮೇಲೇರಿ, ತಂಪಾಗಿ, ಧಾರಾಕಾರವಾಗಿ ಸುರಿಯುತ್ತವೆ. ಇಲ್ಲಿಯ ಕೆಲವು ಕಡೆಗಳಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ತುಂಗಾ ಮತ್ತು ಭದ್ರಾ ನದಿಗಳು ಇಲ್ಲಿಯ ಗಂಗಾಮೂಲದಲ್ಲಿ ಹುಟ್ಟಿ ಮೂಡಲಿಗೆ ಹರಿಯುತ್ತವೆ. ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆನಿಸಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಸಾಗುತ್ತವೆ. ನೇತ್ರಾವತಿಯೂ ಇದೇ ಬೆಟ್ಟಗಳ ಮಗಳು. ಆದರೆ ಅವಳು ಅಕ್ಕಂದಿರಿಗೆ ಬೆನ್ನು ಮಾಡಿ ಪಡುವಣಕ್ಕಿಳಿದು ಮಂಗಳೂರಿಗೆ ಬರುತ್ತಾಳೆ. ಒಂದೇ ತವರಿನಿಂದ ಹೊರಟ ಸೋದರಿಯರು ಎರಡು ಕಡಲುಗಳನ್ನು ಸೇರುವುದು ಸೋಜಿಗವಲ್ಲವೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಳೆ ಬಹುಮಟ್ಟಿಗೆ ನಾಲ್ಕು ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಬೆಟ್ಟದ ಇಳಿಜಾರು ಕಡಿದಾಗಿದೆ, ಕಡಲು ಹತ್ತಿರದಲ್ಲಿದೆ. ಬಿದ್ದ ನೀರೆಲ್ಲ ಕೆಲವೇ ದಿನಗಳಲ್ಲಿ ಕಡಲಿಗೆ ಇಳಿದುಹೋಗಬೇಕಲ್ಲವೆ? ಹಾಗಿದ್ದರೂ ಬೇಸಿಗೆಯಲ್ಲಿ ಬೆಟ್ಟದ ತೊರೆಗಳಲ್ಲಿ ನೀರು ಜಿನುಗುವುದು ಹೇಗೆ? ಇದಕ್ಕೆ ಉತ್ತರ ಅಲ್ಲಿಯ ಕಾಡಿನಲ್ಲಿದೆ.

ಕುದುರೆಮುಖದ ಕಣಿವೆಗಳಲ್ಲಿರುವುದು ಉಷ್ಣವಲಯದ ಮಳೆಕಾಡು. ಇದನ್ನು ನಿತ್ಯಹರಿದ್ವರ್ಣದ ಕಾಡೆಂದೂ ಕರೆಯುತ್ತಾರೆ. ಇಲ್ಲಿಯ ಮರಗಳು ಎಲ್ಲವೂ ಒಮ್ಮೆಗೇ ಎಲೆ ಉದುರಿಸಿ ಬೋಳಾಗುವುದಿಲ್ಲ. ಇಂತಹ ಕಾಡು ಅಂತಸ್ತುಗಳುಳ್ಳ ಮನೆಯಂತಿರುತ್ತದೆ. ಧೂಪ, ಹೆಬ್ಬಲಸು ಮೊದಲಾದ ಹೆಮ್ಮರಗಳು ಮೇಲಿನ ಚಾವಣಿಯಾಗುತ್ತವೆ. ಅವುಗಳ ಕೆಳಗೆ ರಾಮಪತ್ರೆ, ನಾಗಸಂಪಿಗೆ, ಸುರಹೊನ್ನೆಯಂತಹ ಮರಗಳು. ಇನ್ನೂ ಕೆಳಗೆ ಬೆತ್ತ, ಪೊದೆಗಳು, ಜರಿಗಿಡಗಳು. ಕಾಂಡಗಳ ಮೇಲೆ ಹಾವಸೆಯೂ ಸೀತಾಳೆಯೂ ನೆಲೆಸಿರುತ್ತವೆ. ಮಳೆಹನಿ ನೇರವಾಗಿ ನೆಲವನ್ನು ಬಡಿಯಲಾರದು. ಅದು ಎಲೆಯಿಂದ ಎಲೆಗೆ, ಕೊಂಬೆಯಿಂದ ಕಾಂಡಕ್ಕೆ ಇಳಿಯುತ್ತ ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ನೆಲದ ಮೇಲೆ ತರಗೆಲೆಗಳ ಹಾಸು. ಅದರ ಕೆಳಗೆ ಬೇರುಗಳೂ ಎರೆಹುಳುಗಳೂ ಸಡಿಲಗೊಳಿಸಿದ ಮಣ್ಣು. ನೀರು ಆ ಮಣ್ಣಿನೊಳಕ್ಕೆ ಇಂಗಿ, ಬಂಡೆಯ ಬಿರುಕುಗಳನ್ನು ಸೇರಿ, ತಿಂಗಳುಗಟ್ಟಲೆ ತಡೆದು ತಡೆದು ಒರತೆಯಾಗಿ ಹೊರಬರುತ್ತದೆ. ಬೆಟ್ಟದ ನೆತ್ತಿಯಲ್ಲಿ ಹರಡಿರುವ ಹುಲ್ಲುಗಾವಲೂ, ಅದರ ಮಡಿಲಿನಲ್ಲಿ ಅಲ್ಲಲ್ಲಿ ಗುಂಪುಗೂಡಿರುವ ಶೋಲಾ ಕಾಡೂ ಇದೇ ಕಾರ್ಯವನ್ನು ಮಾಡುತ್ತವೆ. ಕಾಡು ನೀರನ್ನು ಸೃಷ್ಟಿಸುವುದಿಲ್ಲ. ಆದರೆ ಜಾಣ ಗೃಹಿಣಿಯಂತೆ ಅದನ್ನು ಕೂಡಿಟ್ಟು ಹಿಡಿತದಿಂದ ಖರ್ಚು ಮಾಡುತ್ತದೆ. ಮರಗಳನ್ನು ಕಡಿದು ಮಣ್ಣನ್ನು ಬರಿದಾಗಿಸಿದರೆ ಅದೇ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಗೇ ಇಳಿಯುತ್ತದೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬರಿಯ ಕಲ್ಲು, ಇದು ಅದರ ಫಲ.

ಈ ಕಾಡಿನ ನಿವಾಸಿಗಳು ಅನೇಕ. ಹುಲಿ, ಚಿರತೆ, ಕಾಟಿ, ಕಡವೆ, ಮಂಗಟ್ಟೆ ಹಕ್ಕಿ, ಕಾಳಿಂಗ ಸರ್ಪ ಇವೆಲ್ಲ ಇಲ್ಲಿವೆ. ಆದರೆ ಈ ಕಾಡಿನ ಭವಿಷ್ಯವನ್ನೇ ಬದಲಿಸಿದ ಪ್ರಾಣಿ ಒಂದು ಕೋತಿ. ಅದೇ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚುಳ್ಳ ಬಾಲ, ಇವು ಅದರ ಲಕ್ಷಣಗಳು. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟಗಳಲ್ಲಲ್ಲದೆ ಲೋಕದ ಬೇರಾವ ಕಾಡಿನಲ್ಲಿಯೂ ಇದು ಸ್ವಾಭಾವಿಕವಾಗಿ ಬದುಕಿಲ್ಲ. ಸಿಂಗಳೀಕವು ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಸಾಗುತ್ತ ಹಣ್ಣು, ಬೀಜ, ಕೀಟಗಳನ್ನು ತಿಂದು ಬಾಳುತ್ತದೆ. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಮರದಲ್ಲಿ ಅದಕ್ಕೆ ಹಣ್ಣು ದೊರೆಯಬೇಕು. ಮರಗಳ ಚಾವಣಿ ಎಲ್ಲಿಯೂ ತುಂಡಾಗಿರಬಾರದು. ಆದುದರಿಂದ ಸಿಂಗಳೀಕಗಳು ಬಹುಸಂಖ್ಯೆಯಲ್ಲಿ ಬಾಳುತ್ತಿರುವ ಕಾಡು ಇನ್ನೂ ಅಖಂಡವಾಗಿದೆಯೆಂದು ತಿಳಿಯಬಹುದು. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ವನವಿಜ್ಞಾನಿಗೆ ಸಿಂಗಳೀಕ ಹಾಗೆ.

ಪ್ರಕೃತಿಯು ಕುದುರೆಮುಖಕ್ಕೆ ಮತ್ತೊಂದು ಸಂಪತ್ತನ್ನೂ ಕೊಟ್ಟಿತ್ತು. ಅದು ನೆಲದೊಳಗಿನ ಕಬ್ಬಿಣದ ಅದಿರು. 1975ರಲ್ಲಿ ಭಾರತವು ಇರಾನ್ ದೇಶದೊಡನೆ ಈ ಅದಿರಿನ ಮಾರಾಟಕ್ಕಾಗಿ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಕೇಂದ್ರ ಸರ್ಕಾರದ ಒಡೆತನದ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಸ್ಥಾಪನೆಯಾಯಿತು. ಕಾಡಿನ ನಡುವೆ ಗಣಿಯೂ, ಯಂತ್ರಾಗಾರವೂ, ಪಟ್ಟಣವೂ ಎದ್ದವು. ಅದಿರನ್ನು ಪುಡಿಮಾಡಿ, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಇಳಿಸಲಾಗುತ್ತಿತ್ತು. ಉಳಿದ ಕೆಸರನ್ನು ತಡೆಹಿಡಿಯಲು ಲಕ್ಯಾ ಹೊಳೆಗೆ ಅಣೆಕಟ್ಟನ್ನು ಕಟ್ಟಿದರು. 1979ರ ಕ್ರಾಂತಿಯಿಂದ ಇರಾನಿನ ಬೇಡಿಕೆ ನಿಂತುಹೋಯಿತಾದರೂ ಕಂಪೆನಿಯು ಬೇರೆ ದೇಶಗಳಲ್ಲಿ ಮಾರುಕಟ್ಟೆಯನ್ನು ಹುಡುಕಿಕೊಂಡಿತು. ಸಾವಿರಾರು ಜನರಿಗೆ ಉದ್ಯೋಗ ದೊರೆಯಿತು. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರಿಗೆ ದೊಡ್ಡದೊಂದು ಸರಕು ದೊರೆಯಿತು.

ಹೀಗೆ ಒಂದೇ ಬೆಟ್ಟದಲ್ಲಿ ಎರಡು ಭಂಡಾರಗಳಿದ್ದವು. ಒಂದು ನೆಲದ ಮೇಲಿನದು, ಮತ್ತೊಂದು ನೆಲದ ಕೆಳಗಿನದು. ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನದನ್ನು ಕಳೆದುಕೊಳ್ಳಬೇಕು. ಮಳೆ ಇಷ್ಟು ಬಿರುಸಾದ ಸ್ಥಳದಲ್ಲಿ ಅಗೆದ ಬೆಟ್ಟದ ಮಣ್ಣು ನದಿಗೆ ಇಳಿಯದೆ ಇರುವುದಿಲ್ಲ. ಭದ್ರೆಯ ನೀರಿನಲ್ಲಿ ಮಳೆಗಾಲದಲ್ಲಿ ಹೂಳು ಹೆಚ್ಚಾಯಿತು. ಹೊಳೆಯ ಕೆಳಗಿನ ರೈತರೂ, ವಿಜ್ಞಾನಿಗಳೂ ಇದನ್ನು ಕಂಡು ಕಳವಳಗೊಂಡರು.

ಆ ವೇಳೆಗೆ ದೇಶದಲ್ಲಿ ಕಾಡಿನ ಬಗೆಗೆ ಹೊಸ ಎಚ್ಚರ ಮೂಡಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆಯೂ ಜಾರಿಗೆ ಬಂದವು. ನೆರೆಯ ಕೇರಳದಲ್ಲಿ ಮೌನ ಕಣಿವೆಯ ಮಳೆಕಾಡನ್ನು ಮುಳುಗಿಸಬೇಕಾಗಿದ್ದ ಜಲವಿದ್ಯುತ್ ಯೋಜನೆಯನ್ನು ಜನಾಭಿಪ್ರಾಯಕ್ಕೆ ಮಣಿದು ಕೈಬಿಡಲಾಯಿತು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಅಲ್ಲಿಯೂ ಸಿಂಗಳೀಕವೇ ಕಾಡಿನ ಪರವಾಗಿ ಮೂಕಸಾಕ್ಷಿಯಾಗಿತ್ತು. ಕರ್ನಾಟಕದಲ್ಲಿ 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕದ ನೆಲೆಗಳ ಸಮೀಕ್ಷೆ ನಡೆಸಿದರು. ಇವರು ಸಾಹಿತಿ ಶಿವರಾಮ ಕಾರಂತರ ಪುತ್ರರು. ಕುದುರೆಮುಖದ ಕಾಡು ಆ ಪ್ರಾಣಿಗೆ ಉತ್ತಮ ನೆಲೆಯೆಂದು ಕಂಡು, ಅದನ್ನು ರಕ್ಷಿಸಬೇಕೆಂದು ಅವರು ಸೂಚಿಸಿದರು. 1987ರಲ್ಲಿ ರಾಜ್ಯ ಸರ್ಕಾರವು ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸುವ ತನ್ನ ಉದ್ದೇಶವನ್ನು ಪ್ರಕಟಿಸಿತು.

ಉದ್ಯಾನವೆಂದ ಕೂಡಲೆ ಹೂಗಿಡಗಳನ್ನು ನೆಟ್ಟು ಬೆಳೆಸಿದ ತೋಟವೆಂದು ಭಾವಿಸಬಾರದು. ರಾಷ್ಟ್ರೀಯ ಉದ್ಯಾನವೆಂದರೆ ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟು ಕಾಯುವ ನೆಲ. ಅಲ್ಲಿ ಬೇಟೆಯಾಡುವಂತಿಲ್ಲ, ಮರ ಕಡಿಯುವಂತಿಲ್ಲ, ದನಗಳನ್ನು ಮೇಯಿಸುವಂತಿಲ್ಲ. ಅದರ ಗಡಿಯನ್ನು ಸರ್ಕಾರವು ತನ್ನ ಇಚ್ಛೆ ಬಂದಂತೆ ಬದಲಿಸುವಂತಿಲ್ಲ. ಆದುದರಿಂದಲೇ ಕಾನೂನು ಎರಡು ಹಂತಗಳನ್ನು ವಿಧಿಸಿದೆ. ಮೊದಲು ಸರ್ಕಾರವು ತನ್ನ ಉದ್ದೇಶವನ್ನು ತಿಳಿಸಬೇಕು. ಬಳಿಕ ಆ ಪ್ರದೇಶದಲ್ಲಿ ಯಾರು ಯಾರಿಗೆ ಯಾವ ಹಕ್ಕುಗಳಿವೆಯೆಂದು ವಿಚಾರಣೆ ನಡೆಸಿ ತೀರ್ಮಾನಿಸಬೇಕು. ಅನಂತರವೇ ಅಂತಿಮ ಘೋಷಣೆ. ಕುದುರೆಮುಖದ ವಿಷಯದಲ್ಲಿ ಈ ಎರಡು ಹಂತಗಳ ನಡುವೆ ಹದಿನಾಲ್ಕು ವರ್ಷಗಳು ಕಳೆದವು. ಗಣಿಯ ಪ್ರದೇಶವನ್ನು ಹೊರಗಿರಿಸಿ 2001ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು.

ಈ ನಡುವೆ, 1969ರಲ್ಲಿ ಮೂವತ್ತು ವರ್ಷಗಳ ಅವಧಿಗೆ ಕೊಟ್ಟಿದ್ದ ಗಣಿ ಗುತ್ತಿಗೆಯು 1999ರಲ್ಲಿ ಮುಗಿದಿತ್ತು. ಅದನ್ನು ಮುಂದುವರಿಸಬೇಕೆ, ಬೇಡವೆ ಎಂಬ ವಿವಾದ ಎದ್ದಿತು. ಗಣಿಯಿಂದ ವಿದೇಶೀ ವಿನಿಮಯ ಬರುತ್ತದೆ, ಕುಟುಂಬಗಳ ಅನ್ನ ಅದನ್ನು ಅವಲಂಬಿಸಿದೆ ಎಂದು ಒಂದು ಪಕ್ಷ ವಾದಿಸಿತು. ಅದಿರು ಕೆಲವು ವರ್ಷಗಳಲ್ಲಿ ಮುಗಿಯುತ್ತದೆ, ಕಾಡು ಹೋದರೆ ಮರಳಿ ಬಾರದು, ನದಿಗಳು ಹಾಳಾದರೆ ಲಕ್ಷಾಂತರ ಜನರ ಅನ್ನಕ್ಕೇ ಕುತ್ತು ಎಂದು ಮತ್ತೊಂದು ಪಕ್ಷ ಉತ್ತರಿಸಿತು. ಎರಡು ಮಾತುಗಳಲ್ಲಿಯೂ ಸತ್ಯವಿತ್ತು. ಆದುದರಿಂದಲೇ ನಿರ್ಣಯ ಕಠಿನವಾಗಿತ್ತು. ಕೊಡಗಿನ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನಾಗರಹೊಳೆಯ ಕಾಡಿನ ರಕ್ಷಣೆಗಾಗಿ ಬಾಳನ್ನೇ ಸವೆಸಿದವರು ಅವರು. 2002ರ ಅಕ್ಟೋಬರ್ 30ರಂದು ನ್ಯಾಯಾಲಯವು ತನ್ನ ತೀರ್ಪನ್ನು ನೀಡಿತು. 2005ರ ಅಂತ್ಯದೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂಬುದು ಅದರ ಸಾರ. ಅದರಂತೆ ಆ ವರ್ಷದ ಕೊನೆಯ ದಿನದೊಂದಿಗೆ ಗಣಿಯ ಸದ್ದು ಅಡಗಿತು.

ಅದೇ 2002ರಲ್ಲಿ, ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿ, ಬ್ರೆಜಿಲ್ ದೇಶವು ಅಮೆಜಾನ್ ಮಳೆಕಾಡಿನ ರಕ್ಷಣೆಗಾಗಿ ತುಮುಕುಮಾಕೆ ಎಂಬ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. ಅದರ ವಿಸ್ತಾರ 38,000 ಚದರ ಕಿಲೋಮೀಟರಿಗೂ ಅಧಿಕ. ಅಂದರೆ ಕುದುರೆಮುಖದಂತಹ ಅರುವತ್ತಕ್ಕೂ ಹೆಚ್ಚು ಉದ್ಯಾನಗಳು ಅದರಲ್ಲಿ ಅಡಗಬಲ್ಲವು. 1872ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್‌ನಿಂದ ಆರಂಭವಾದ ರಾಷ್ಟ್ರೀಯ ಉದ್ಯಾನದ ಕಲ್ಪನೆ ಹೀಗೆ ಖಂಡದಿಂದ ಖಂಡಕ್ಕೆ ಹಬ್ಬಿದೆ. ತುಮುಕುಮಾಕೆ ಜನವಸತಿ ಬಹು ವಿರಳವಾದ ನಾಡು. ಕುದುರೆಮುಖದ ಸ್ಥಿತಿ ಹಾಗಲ್ಲ. ಇಲ್ಲಿಯ ಕಾಡಿನೊಳಗೆ ಹಳ್ಳಿಗಳಿವೆ, ಗದ್ದೆಗಳಿವೆ, ತೋಟಗಳಿವೆ. ವಿಸ್ತಾರದಲ್ಲಿ ಚಿಕ್ಕದಾದರೂ ನಮ್ಮ ಹೊಣೆ ಹೆಚ್ಚು ತೊಡಕಿನದು.

ಆ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಾಳಿ ಬಂದವರಲ್ಲಿ ಮಲೆಕುಡಿಯರು ಮುಖ್ಯರು. ಜೇನು, ಸೀಗೆ, ರಾಮಪತ್ರೆ ಮುಂತಾದ ಕಾಡಿನ ಉತ್ಪನ್ನಗಳೂ, ಸಣ್ಣಪುಟ್ಟ ಬೇಸಾಯವೂ ಅವರ ಜೀವನಾಧಾರ. ಕಾಡನ್ನು ನಾಶಮಾಡಿದವರು ಅವರಲ್ಲ. ಆದರೆ ಕಾಡನ್ನು ಉಳಿಸುವ ಕಾನೂನು ಬಂದಾಗ ಅದರ ಭಾರ ಮೊದಲು ಬಿದ್ದದ್ದು ಅವರ ಮೇಲೆಯೇ. ರಸ್ತೆ, ವಿದ್ಯುತ್ತು, ಶಾಲೆ, ಆಸ್ಪತ್ರೆ ಇವೆಲ್ಲ ಅವರಿಗೆ ದೂರವಾದವು. ನಮ್ಮನ್ನು ಇಲ್ಲಿಂದ ಎಬ್ಬಿಸುವರೇ ಎಂಬ ಅಂಜಿಕೆ ಮನೆ ಮನೆಯನ್ನೂ ಹೊಕ್ಕಿತು. ಸ್ವಂತ ಇಚ್ಛೆಯಿಂದ ಹೊರಹೋಗುವವರಿಗೆ ಪರಿಹಾರ ನೀಡುವ ಯೋಜನೆ ಜಾರಿಗೆ ಬಂದು, ಕೆಲವು ಕುಟುಂಬಗಳು ಹೊರಗೆ ನೆಲೆ ಕಂಡವು. ಕೆಲವರು ಹುಟ್ಟಿದ ಮಣ್ಣನ್ನು ಬಿಡಲೊಪ್ಪಲಿಲ್ಲ. ಅರಣ್ಯವಾಸಿಗಳ ಹಕ್ಕುಗಳನ್ನು ಮನ್ನಿಸುವ ಕಾಯಿದೆ 2006ರಲ್ಲಿ ಬಂದಿತು. ಗಣಿ ಮುಚ್ಚಿದಾಗ ಅದನ್ನು ನಂಬಿದ್ದ ಪಟ್ಟಣವೂ ತನ್ನ ಕಳೆಯನ್ನು ಕಳೆದುಕೊಂಡಿತು. ಒಂದು ಕಾಡು ಉಳಿಯಿತೆಂದು ನಾವು ಸಂತೋಷಪಡುವಾಗ ಈ ಜನರನ್ನು ಮರೆಯಬಾರದು.

2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕದ ಹತ್ತು ತಾಣಗಳು ಅದರಲ್ಲಿದ್ದು, ಕುದುರೆಮುಖವೂ ಅವುಗಳಲ್ಲಿ ಒಂದಾಗಿದೆ. ಇದು ಗೌರವದ ಸಂಗತಿ. ಆದರೆ ಆ ಕಾಡಿನ ನಿಜವಾದ ಬೆಲೆಯನ್ನು ತಿಳಿಯಲು ನಾವು ಮತ್ತೆ ಬೋಳಾರಕ್ಕೆ ಇಳಿದು ಬರಬೇಕು.

ಬೋಳಾರದ ದಡದಲ್ಲಿ ನೀರು ಕಣ್ತುಂಬ ಕಾಣುತ್ತದೆ. ಆದರೆ ಉಬ್ಬರದಲ್ಲಿ ಕಡಲು ಒಳನುಗ್ಗುವುದರಿಂದ ಅದು ಕುಡಿಯಲು ಬಾರದು. ಮಂಗಳೂರಿನ ಮನೆಗಳಿಗೆ ಕುಡಿಯುವ ನೀರು ಬರುವುದು ಮೇಲೆ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ. 2016ರ ಬೇಸಿಗೆಯಲ್ಲಿ ಅಲ್ಲಿಯ ನೀರು ತಗ್ಗಿ, ನಗರಕ್ಕೆ ಸರದಿಯ ಮೇಲೆ ನೀರನ್ನು ಹಂಚಬೇಕಾಯಿತು. ಕೊಡ ಹಿಡಿದು ನಲ್ಲಿಯ ಮುಂದೆ ಕಾದ ಆ ದಿನಗಳಲ್ಲಿ, ನಲ್ಲಿಯ ಇನ್ನೊಂದು ತುದಿ ಎಲ್ಲಿದೆ ಎಂಬ ವಿಚಾರ ಎಷ್ಟು ಜನರಿಗೆ ಹೊಳೆದಿರಬಹುದು? ಅದರ ಒಂದು ತುದಿ ಘಟ್ಟದ ಮೇಲಿನ ತರಗೆಲೆಗಳ ಹಾಸಿನಲ್ಲಿದೆ. ಸಿಂಗಳೀಕವು ಹಣ್ಣು ತಿಂದು ಬೀಜ ಬೀಳಿಸಿದ ನೆಲದಲ್ಲಿದೆ. ಬರಿಯ ಕಾಡೊಂದೇ ನಮ್ಮನ್ನು ನೀರಿನ ಬರದಿಂದ ಪಾರುಮಾಡಲಾರದೆಂಬುದು ನಿಜ. ಮಳೆ ಕೈಕೊಟ್ಟರೆ ಕಾಡೂ ಸೊರಗುತ್ತದೆ. ನೀರನ್ನು ಪೋಲು ಮಾಡಿದರೆ ಎಂತಹ ನದಿಯೂ ಸಾಲದು. ಆದರೆ ಕಾಡಿಲ್ಲದ ಬೆಟ್ಟವು ನಮಗೆ ಕಾಯಲು ಕೂಡ ಅವಕಾಶ ಕೊಡಲಾರದು.

ಹಿಂದೆ ಈ ದಡದ ಗೂಡುಗಳು ಕಾಡಿನ ಸೌದೆಯಿಂದ ಉರಿದವು. ಬೆಟ್ಟದ ಅದಿರು ನಮ್ಮ ಬಂದರಿನ ಮೂಲಕವೇ ಹಡಗು ಹತ್ತಿತು. ಇಂದಿಗೂ ನಾವು ಆ ಬೆಟ್ಟದ ನೀರನ್ನೇ ಕುಡಿಯುತ್ತಿದ್ದೇವೆ. ತೆಗೆದುಕೊಂಡದ್ದು ಬಹಳ, ಹಿಂದಿರುಗಿಸಿದ್ದು ಅತ್ಯಲ್ಪ. ಕಾಡನ್ನು ಕಾಯುವ ಭಾರವನ್ನು ಬೆಟ್ಟದ ಮೇಲಿನ ಬಡ ಕುಟುಂಬಗಳ ಹೆಗಲಿಗೆ ಮಾತ್ರ ಹೊರಿಸಿ, ಅದರ ಫಲವನ್ನು ಕೆಳಗಿನ ನಗರಗಳು ಉಣ್ಣುವುದು ನ್ಯಾಯವಲ್ಲ. ಅವರ ಮಕ್ಕಳ ವಿದ್ಯೆ, ಆರೋಗ್ಯ, ನೆಲೆ ಇವುಗಳ ಹೊಣೆಯಲ್ಲಿ ನಗರವಾಸಿಗಳಾದ ನಮಗೂ ಪಾಲಿದೆ.

ತವರಿನ ದೀಪ ಉರಿಯುತ್ತಿದ್ದರೆ ಮಗಳ ಮನಸ್ಸಿಗೆ ನೆಮ್ಮದಿ ಎಂದು ನಮ್ಮ ಹಿರಿಯರು ತಿಳಿದಿದ್ದರು. ನೇತ್ರಾವತಿಯ ತವರು ಹಸುರಾಗಿರಲಿ. ಆ ತವರನ್ನು ಕಾಯುವವರ ಮನೆಯಲ್ಲಿಯೂ ದೀಪ ಉರಿಯಲಿ. ಆಗ ಮಾತ್ರ ಬೋಳಾರದ ದಡದಲ್ಲಿ ನಿಂತು ಹೊಳೆಯನ್ನು ನೋಡುವ ನಮ್ಮ ಸಂತೋಷವು ಋಣವಿಲ್ಲದ ಸಂತೋಷವಾದೀತು.

ಅಭ್ಯಾಸ

1. ಬೋಳಾರದ ಹಂಚಿನಲ್ಲಿ ನದಿ, ಕಾಡು, ಕಬ್ಬಿಣ ಈ ಮೂರರ ಕಥೆ ಅಡಗಿದೆ ಎಂದು ಲೇಖಕರು ಹೇಳಲು ಕಾರಣವೇನು?
2. ಮಳೆಕಾಡು ನೀರನ್ನು ಕೂಡಿಡುವ ಬಗೆಯನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
3. ಸಿಂಗಳೀಕವನ್ನು ಒರೆಗಲ್ಲಿಗೆ ಹೋಲಿಸಿರುವುದರ ಔಚಿತ್ಯವೇನು?
4. ರಾಷ್ಟ್ರೀಯ ಉದ್ಯಾನವನ್ನು ಘೋಷಿಸಲು ಕಾನೂನು ಎರಡು ಹಂತಗಳನ್ನು ಏಕೆ ವಿಧಿಸಿದೆ?
5. ಗಣಿಯನ್ನು ಮುಂದುವರಿಸುವ ಕುರಿತು ಎರಡು ಪಕ್ಷಗಳವರು ಮಾಡಿದ ವಾದಗಳಾವುವು? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆಯಿರಿ.
6. ನಿಮ್ಮ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಹಿರಿಯರಿಂದ ಕೇಳಿ ತಿಳಿದು ಒಂದು ಪುಟದ ಪ್ರಬಂಧ ಬರೆಯಿರಿ.